ಮರ್ವಾಯಿ ಸುಕ್ಕಕ್ಕೆ ಯಾವ ವೈನ್: ಆರು ಬಾಟಲಿಗಳ ವಿಮರ್ಶೆ

ಬಿಳಿ ವೈನಿನ ಬಾಟಲಿಯ ಹಿಂಬದಿಯ ಚೀಟಿಯನ್ನು ಓದುವ ಅಭ್ಯಾಸವುಳ್ಳವರಿಗೆ ಒಂದು ಮಾತು ಬಾಯಿಪಾಠವಾಗಿರುತ್ತದೆ: ಇದನ್ನು ಸಮುದ್ರದ ಆಹಾರದೊಂದಿಗೆ ಸವಿಯಬೇಕು. ಯಾವ ಸಮುದ್ರ, ಯಾವ ಆಹಾರ, ಅದಕ್ಕೆ ಬಿದ್ದಿರುವ ಮಸಾಲೆ ಎಂಥದು ಎಂಬುದನ್ನು ಮಾತ್ರ ಆ ಚೀಟಿ ಹೇಳುವುದಿಲ್ಲ. ಹಸಿ ಆಯ್ಸ್ಟರಿಗೆ ನಿಂಬೆ ಹಿಂಡಿ ತಿನ್ನುವವರಿಗೂ ಬ್ಯಾಡಗಿ ಮೆಣಸು, ಹುಣಿಸೆ, ತೆಂಗಿನಕಾಯಿ ಅರೆದು ಮರ್ವಾಯಿ ಎಂಬ ಚಿಪ್ಪುಜೀವಿಯನ್ನು ಬೇಯಿಸುವವರಿಗೂ ಅದು ಒಂದೇ ಸಲಹೆಯನ್ನು ಕೊಡುತ್ತದೆ. ಈ ಸಲಹೆ ನಮ್ಮ ಕರಾವಳಿಯ ಊಟದಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನೋಡಬೇಕೆಂದು ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಉಡುಪಿ ಕಡೆಯ ನಮ್ಮ ಮನೆಗೆ ಆರು ಬಾಟಲಿಗಳನ್ನು ಒಯ್ದು, ಎರಡು ಸಂಜೆ ಕುಳಿತು, ಅಕ್ಕ ಮಾಡಿದ ಐದು ಬಗೆಯ ಅಡುಗೆಗಳ ಜೊತೆ ಒಂದೊಂದನ್ನೂ ಕುಡಿದು ನೋಡಿದೆವು. ಅಡುಗೆಗಳು ಇವು: ಬರಿಯ ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಬೇಯಿಸಿದ ಪಚ್ಚಿಲೆ (ಬಂಡೆಗೆ ಅಂಟಿ ಬೆಳೆಯುವ ಹಸಿರು ಚಿಪ್ಪು), ಅಕ್ಕಿಯ ಉಂಡೆಗಡುಬಾದ ಪುಂಡಿಯ ಜೊತೆಗೆ ಮರ್ವಾಯಿ ಸುಕ್ಕ, ಸಿಗಡಿ ಘೀ ರೋಸ್ಟ್, ಪಚ್ಚಿಲೆಯ ರವಾ ಫ್ರೈ, ಮತ್ತು ತೆಂಗಿನಹಾಲಿನ ಏಡಿ ಗಸಿ.

ಬಾಟಲಿಗಳಲ್ಲಿ ನಾಲ್ಕು ನಮ್ಮ ದೇಶದ ಹೆಸರುವಾಸಿ ತಯಾರಕರವು. ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಗಳ ಕಡೆ ದ್ರಾಕ್ಷಿತೋಟ ಇಟ್ಟುಕೊಂಡಿರುವ ಕೃಷ್ಮಾದ ಸೊವಿನ್ಯೋನ್ ಬ್ಲಾಂ, ನಾಸಿಕ್‌ನ ಸುಲಾ ಕಂಪನಿಯ ಶೆನಿನ್ ಬ್ಲಾಂ, ಅದೇ ಜಿಲ್ಲೆಯ ದಿಂಡೋರಿಯಲ್ಲಿ ತಯಾರಾಗುವ ನೊರೆವೈನು ಶಾಂಡನ್ ಬ್ರೂಟ್, ನಂದಿ ಬೆಟ್ಟದ ತಪ್ಪಲಿನಿಂದ ಹೆಸರು ಮಾಡಿದ ಗ್ರೋವರ್ ಜಂಪಾದ ಆರ್ಟ್ ಕಲೆಕ್ಷನ್ ಸರಣಿಯ ಶಿರಾಜ್ ರೋಸೆ. ಐದನೆಯದು ಫ್ರಾನ್ಸಿನಿಂದ ಬಂದ ಬಿಳಿ ವೈನ್ ಮಸ್ಕಾಡೆ. ಆರನೆಯದು ಒಂದು ಕೆಂಪು ಶಿರಾಜ್. ಅದನ್ನು ಸೋಲುತ್ತದೆಂದು ತಿಳಿದೇ ತಂದಿದ್ದೆ, ಆದುದರಿಂದ ಅದರ ಹೆಸರನ್ನು ಇಲ್ಲಿ ಎತ್ತುವುದು ನ್ಯಾಯವಲ್ಲ.

ಮಸ್ಕಾಡೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಚಿಪ್ಪಿಗೆ ಬಿಳಿ ವೈನ್ ಎಂಬ ನಿಯಮ ಹುಟ್ಟಿದ್ದೇ ಅಂಥ ಊರುಗಳಲ್ಲಿ. ಲ್ವಾರ್ ನದಿ ಅಟ್ಲಾಂಟಿಕ್ ಸೇರುವ ಕಡೆಗೆ ಹತ್ತಿರವಿರುವ ನಾಂತ್ ನಗರದ ಸುತ್ತಮುತ್ತ ಮೆಲೋನ್ ದ ಬೊರ್ಗೋನ್ ಎಂಬ ದ್ರಾಕ್ಷಿಯಿಂದ ಇದನ್ನು ಮಾಡುತ್ತಾರೆ. 1709ರ ಭೀಕರ ಚಳಿಗಾಲದಲ್ಲಿ ಅಲ್ಲಿಯ ಬಳ್ಳಿಗಳು ಸತ್ತುಹೋದ ಮೇಲೆ, ಚಳಿ ತಾಳುವ ತಳಿಯೆಂದು ಇದು ಅಲ್ಲಿ ವ್ಯಾಪಕವಾಗಿ ಹರಡಿತು. ಹುದುಗು ಮುಗಿದ ಮೇಲೆ ತಳದಲ್ಲಿ ಇಳಿಯುವ ಗಸಿಯನ್ನು ಬೇರ್ಪಡಿಸದೆ ಚಳಿಗಾಲವಿಡೀ ಅದರ ಮೇಲೆಯೇ ವೈನನ್ನು ಇಟ್ಟು, ನೇರವಾಗಿ ಬಾಟಲಿಗೆ ತುಂಬುವ ಕ್ರಮವನ್ನು ಸ್ಯುರ್ ಲಿ ಎನ್ನುತ್ತಾರೆ. ಹಾಗೆ ಮಾಡಿದ ಮಸ್ಕಾಡೆಗೆ ನಾಲಗೆಯನ್ನು ಚುಚ್ಚುವ ತೆಳುವಾದ ಜುಮ್ಮು, ಹುಳಿಹಿಟ್ಟಿನ ನೆನಪು ತರುವ ವಾಸನೆ ಇರುತ್ತದೆ. ಹಣ್ಣಿನ ಆಡಂಬರ ಅದರಲ್ಲಿಲ್ಲ. ಹಸಿ ಚಿಪ್ಪಿನ ಉಪ್ಪುನೀರಿಗೆ ನಿಂಬೆಹಣ್ಣಿನ ಬದಲು ಇದನ್ನೇ ಹಿಂಡಿದಂತೆ ಇರಬೇಕೆಂಬುದು ಅದರ ಉದ್ದೇಶ. ಸಿಂಪಿಗಳ ಪಳೆಯುಳಿಕೆ ಬೆರೆತ ಸುಣ್ಣದ ಮಣ್ಣಿನಲ್ಲಿ ಬೆಳೆಯುವ ಶಾಬ್ಲಿ, ಸ್ಪೇನಿನ ಗಲೀಸಿಯಾದ ಅಲ್ಬರೀನ್ಯೋ, ಇವೆಲ್ಲ ಇದೇ ಕುಟುಂಬದ ರುಚಿಗಳು: ಒಣ, ಹುಳಿ, ತೆಳು.

ಬರಿದೇ ಬೇಯಿಸಿದ ಪಚ್ಚಿಲೆಯ ಜೊತೆ ಮಸ್ಕಾಡೆ ಹೇಗಿತ್ತೆಂದು ಹೇಳಲು ನನಗೆ ವಿಶೇಷಣಗಳು ಸಾಲವು; ಬಾಯಿಗೆ ಬಿದ್ದುದು ಚಿಪ್ಪಿನ ನೀರೋ ವೈನೋ ಎಂದು ಬೇರ್ಪಡಿಸಲಾಗದಷ್ಟು ಅವೆರಡೂ ಒಂದಾಗಿದ್ದವು. ಅದೇ ಲೋಟವನ್ನು ಸುಕ್ಕದ ತಟ್ಟೆಯ ಪಕ್ಕಕ್ಕೆ ಸರಿಸಿದಾಗ ಮಾತ್ರ ಅದು ನೀರಾಯಿತು. ಹುಣಿಸೆಯ ಹುಳಿ ನಾಲಗೆಯ ಮೇಲಿರುವಾಗ ವೈನಿನ ಹುಳಿ ಅರ್ಧಕ್ಕೆ ಇಳಿದಂತೆ ತೋರುತ್ತದೆ. ಹುಳಿಯ ಹೊರತು ಹೇಳಿಕೊಳ್ಳುವಂಥದು ಬೇರೇನೂ ಇಲ್ಲದ ವೈನಿಗೆ ಅಲ್ಲಿ ಉಳಿಯುವುದು ಏನೂ ಇಲ್ಲ. ವಿದೇಶಿ ವೈನಿಗೆ ನಮ್ಮ ದೇಶ ಬಹುಕಾಲ ಶೇ. 150ರಷ್ಟು ಆಮದು ಸುಂಕವನ್ನು ಹೇರಿಕೊಂಡು ಬಂದಿರುವುದರಿಂದ, ಫ್ರಾನ್ಸಿನಲ್ಲಿ ದಿನಬಳಕೆಯ ಅಗ್ಗದ ವೈನೆನಿಸಿದ ಇದು ಇಲ್ಲಿ ಹಬ್ಬಕ್ಕೆ ತರುವ ಬೆಲೆಯದಾಗುತ್ತದೆ. ಆ ಹಣವನ್ನು ಮಸಾಲೆಯ ತಟ್ಟೆಯ ಮುಂದೆ ಸುರಿಯುವುದು ವ್ಯರ್ಥ. ಮಸಾಲೆಯಿಲ್ಲದ ಚಿಪ್ಪು ಸಿಗುವುದಾದರೆ ಮಾತ್ರ ಕೊಳ್ಳಬಹುದು.

ಆ ತಟ್ಟೆಗೂ ನಮ್ಮಲ್ಲಿ ಪರ್ಯಾಯ ಇದೆ. ಕೃಷ್ಮಾದ ಸೊವಿನ್ಯೋನ್ ಬ್ಲಾಂ ಪಚ್ಚಿಲೆಯ ಎದುರು ಮಸ್ಕಾಡೆಗಿಂತ ಹೆಚ್ಚು ಮಾತನಾಡುತ್ತದೆ: ಆಗತಾನೆ ಕೊಯ್ದ ಹುಲ್ಲು, ಚಕ್ಕೋತದ ಸಿಪ್ಪೆ, ಕೊನೆಯಲ್ಲಿ ಸಣ್ಣ ಕಹಿ. ಕಾಳುಮೆಣಸಿನ ಘಾಟಿಗೂ ಹಸಿ ಬೆಳ್ಳುಳ್ಳಿಗೂ ಈ ಹಸಿರು ವಾಸನೆ ಚೆನ್ನಾಗಿ ಒಗ್ಗುತ್ತದೆ. ನಮ್ಮ ನಾಡಿನಲ್ಲಿ ಬಿಳಿ ವೈನಿಗೆ ಹುಳಿಯನ್ನು ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಚಳಿದೇಶದ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ. ನಮ್ಮದು ಮಲಗುವುದೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಅಂದರೆ ಬಳ್ಳಿಯನ್ನು ಸವರಿ, ಮಳೆ ಕಳೆದ ಮೇಲಿನ ಚಾಟನಿಯಿಂದ ಬಂದ ಹಣ್ಣನ್ನು ಜನವರಿಯಿಂದ ಮಾರ್ಚ್ ಒಳಗೆ ಕೊಯ್ಯುತ್ತಾರೆ. ಬಿಸಿಲು ಏರಿದಂತೆ ಹಣ್ಣಿನ ಹುಳಿ ಇಳಿಯುವುದರಿಂದ ಕೊಯ್ಲು ಒಂದು ವಾರ ತಡವಾದರೂ ವೈನು ಸಪ್ಪೆಯಾಗುತ್ತದೆ. ಈ ಬಾಟಲಿಯಲ್ಲಿ ಅಂಥ ಸಪ್ಪೆತನವಿರಲಿಲ್ಲ. ಸುಕ್ಕದ ಜೊತೆಗೂ ಇದನ್ನು ಪರೀಕ್ಷಿಸಿದೆವು. ಮಸ್ಕಾಡೆಯಂತೆ ಕರಗಿಹೋಗಲಿಲ್ಲ, ಆದರೆ ಮೆಂತೆಯ ಕಹಿಗೆ ತನ್ನ ಕಹಿಯನ್ನೂ ಸೇರಿಸಿತು.

ಈಗ ಮರ್ವಾಯಿ ಸುಕ್ಕದ ವಿಷಯ. ಈ ಬರಹದ ಬಹುಪಾಲು ಅದಕ್ಕೇ ಸಲ್ಲಬೇಕು. ತುಳುವರ ಮರ್ವಾಯಿ, ಕೊಂಕಣಿಯವರ ಖುಬೆ, ಉತ್ತರ ಕನ್ನಡದ ಬೆಳಚು ಎಲ್ಲವೂ ಅಳಿವೆಯ ಮರಳು-ಕೆಸರಿನಲ್ಲಿ ಹುದುಗಿ ಬೆಳೆಯುವ ಬಳಗವೇ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಇದನ್ನು ಹೆಕ್ಕಿ ಬದುಕುವ ಕುಟುಂಬಗಳು ಬಹಳ; 2024ರಲ್ಲಿ ಆ ಅಳಿವೆಯು ರಾಮ್ಸರ್ ತಾಣವಾಗಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಗಿ ಘೋಷಿತವಾದಾಗ ಪಕ್ಷಿಗಳ ಬಗೆಗೆ ಕೇಳಿಬಂದಷ್ಟು ಮಾತು ಈ ಚಿಪ್ಪಿನ ಬಗೆಗೆ ಕೇಳಿಬರಲಿಲ್ಲವೆಂಬುದು ನನ್ನ ಸಣ್ಣ ಅಸಮಾಧಾನ. ಇರಲಿ. ಸುಕ್ಕಕ್ಕೆ ಬೇಕಾದ ಹುರಿದ ಬ್ಯಾಡಗಿ, ಕೊತ್ತಂಬರಿ, ಜೀರಿಗೆ, ಮೆಂತೆ, ಹುಣಿಸೆ, ತರಿತರಿಯಾಗಿ ಅರೆದ ಕಾಯಿತುರಿ, ಇವೆಲ್ಲ ಸೇರಿದ ಮೇಲೂ ಮೇಲೆ ನಿಲ್ಲುವುದು ಚಿಪ್ಪು ಬಾಯಿಬಿಟ್ಟಾಗ ಒಸರುವ ಅದರದೇ ನೀರಿನ ರುಚಿ. ಆ ನೀರಿನಲ್ಲಿ ಉಪ್ಪಿದೆ, ಮಾಂಸರಸದ ಗಾಢತೆಯಿದೆ, ತೆಳ್ಳಗಿನ ಸಿಹಿಯೂ ಇದೆ. ಅಡುಗೆ ಬಲ್ಲವರು ಸುಕ್ಕಕ್ಕೆ ಉಪ್ಪನ್ನು ಕೊನೆಯಲ್ಲಿ, ಅದೂ ರುಚಿ ನೋಡಿಯೇ ಹಾಕುವುದು ಇದೇ ಕಾರಣಕ್ಕೆ. ಹೀಗಾಗಿ ವೈನು ಇಲ್ಲಿ ಎದುರಿಸಬೇಕಾದುದು ಒಂದನ್ನಲ್ಲ, ನಾಲ್ಕನ್ನು: ಹುಣಿಸೆಯ ಹುಳಿ, ಮೆಣಸಿನ ಖಾರ, ಕಾಯಿಯ ಜಿಡ್ಡು, ಚಿಪ್ಪಿನ ಉಪ್ಪು.

ಹುಳಿಯ ಎದುರು ನಿಲ್ಲಲು ವೈನಿನಲ್ಲೂ ಹುಳಿ ಬೇಕು. ಜಿಡ್ಡನ್ನು ಕತ್ತರಿಸಲೂ ಅದೇ ಹುಳಿ ಬೇಕು. ಉಪ್ಪು ವೈನಿಗೆ ಶತ್ರುವಲ್ಲ. ಅದು ವೈನಿನ ಕಹಿಯನ್ನು ಮೃದುಮಾಡುತ್ತದೆ. ತೊಡಕು ಇರುವುದು ಖಾರದಲ್ಲಿ. ಮೆಣಸಿನ ಉರಿಯನ್ನು ಮದ್ಯಸಾರ ಹೆಚ್ಚಿಸುತ್ತದೆ, ಒಗರು ಇನ್ನಷ್ಟು ಕೆರಳಿಸುತ್ತದೆ, ಸಕ್ಕರೆ ಮಾತ್ರ ತಣಿಸುತ್ತದೆ. ಅಂದಮೇಲೆ ಬೇಕಾದುದು ಹುಳಿಯುಳ್ಳ, ಮದ್ಯಸಾರ ಮಿತಿಯಲ್ಲಿರುವ, ತುಸು ಸಿಹಿ ಉಳಿಸಿಕೊಂಡ ಬಿಳಿ ವೈನ್. ವೈನನ್ನು ಬಲ್ಲೆವೆನ್ನುವವರು ಸಾಮಾನ್ಯವಾಗಿ ಮೂಗುಮುರಿಯುವುದು ಇಂಥದ್ದನ್ನೇ ಕಂಡು. ಸಿಹಿಯಿರುವ ವೈನೆಂದರೆ ಹೊಸಬರಿಗೆ ಮಾಡಿದ್ದು ಎಂಬ ಅಭಿಪ್ರಾಯ ನನಗೂ ಹಲವು ವರ್ಷ ಇತ್ತು. ಸುಲಾದ ಶೆನಿನ್ ಬ್ಲಾಂ ಬಾಟಲಿಯನ್ನು ಆ ಸಂಜೆ ತೆರೆದಾಗ ನಾನೇ ಕೊನೆಯ ಲೋಟವನ್ನು ಹಿಡಿದಿದ್ದೆ.

ಒಂಟಿಯಾಗಿ ಕುಡಿದರೆ ಆ ವೈನು ಸರಳವೆನಿಸುತ್ತದೆ: ಪೇರಲೆ, ಮಾಗಿದ ಅನಾನಸಿನ ವಾಸನೆ, ನಾಲಗೆಯ ತುದಿಯಲ್ಲಿ ಸಿಹಿ. ಸುಕ್ಕದ ಒಂದು ತುತ್ತಿನ ಮೇಲೆ ಕುಡಿದಾಗ ಆ ಸಿಹಿ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಖಾರ ಅದನ್ನು ನುಂಗಿ ಹುಳಿಯನ್ನೂ ಹಣ್ಣನ್ನೂ ಮಾತ್ರ ಬಿಟ್ಟುಕೊಡುತ್ತದೆ. ಮರಳಿ ಸುಕ್ಕಕ್ಕೆ ಕೈಹಾಕಿದರೆ, ಖಾರದ ಅಡಿಯಲ್ಲಿ ಹೂತುಹೋಗಿದ್ದ ಚಿಪ್ಪಿನ ಸಿಹಿ ಮೇಲೆ ಬಂದಿರುತ್ತದೆ. ಪುಂಡಿಯನ್ನು ಮುರಿದು ಸುಕ್ಕದ ರಸದಲ್ಲಿ ಅದ್ದಿ ತಿಂದಾಗಲಂತೂ ಈ ಜೋಡಿಗೆ ಸಮನಾದುದು ಆರರಲ್ಲಿ ಬೇರೊಂದಿರಲಿಲ್ಲ. ಎದುರಿಗೆ ಕುಳಿತಿದ್ದ ಮಾವ ಎರಡು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಇದು ಬೆಳಗ್ಗಿನ ಕಲಿಯ ಹಾಗೇ ಉಂಟಲ್ಲ ಮಾರಾಯ" ಎಂದರು.

ಅವರ ಮಾತು ತಮಾಷೆಗೆ ಬಂದುದಾದರೂ ನನ್ನ ಆರು ಬಾಟಲಿಗಳ ಪರೀಕ್ಷೆಗಿಂತ ಅದೇ ಹೆಚ್ಚು ಕರಾರುವಾಕ್ಕಾಗಿತ್ತು. ಮರದಿಂದ ಇಳಿಸಿ ಹೆಚ್ಚು ಹೊತ್ತಾಗದ ತೆಂಗಿನ ಕಳ್ಳಿಗೆ ತುಳುವಿನಲ್ಲಿ ಕಲಿ ಎನ್ನುತ್ತಾರೆ. ಅದರಲ್ಲಿ ಇನ್ನೂ ಹುದುಗದ ಸಿಹಿ, ಏರುತ್ತಿರುವ ಹುಳಿ, ನೊರೆಯ ಜುಮ್ಮು ಇರುತ್ತವೆ, ಮದ್ಯಸಾರ ವೈನಿನದಕ್ಕಿಂತ ಎಷ್ಟೋ ಕಡಿಮೆ. ಉಡುಪಿ, ದಕ್ಷಿಣ ಕನ್ನಡಗಳ ಶೇಂದಿ ಅಂಗಡಿಗಳಲ್ಲಿ ಅದರ ಜೊತೆಗೆ ಮರ್ವಾಯಿಯನ್ನೂ ಏಡಿಯನ್ನೂ ತಿಂದು ಬಂದವರು ಈ ಹೊಂದಿಕೆಯನ್ನು ಯಾವ ಚೀಟಿಯ ಸಹಾಯವೂ ಇಲ್ಲದೆ ಕಂಡುಕೊಂಡಿದ್ದರು. ಇನ್ನೊಂದು ಸಂಗತಿಯೂ ನನಗೆ ಕುತೂಹಲಕರವಾಗಿ ತೋರಿತು: ಶೆನಿನ್ ಬ್ಲಾಂ ಕೂಡ ಮಸ್ಕಾಡೆಯ ಲ್ವಾರ್ ನದಿಯದೇ ದ್ರಾಕ್ಷಿ, ಆದರೆ ಕಡಲಿನಿಂದ ದೂರ, ನದಿಯ ಮೇಲ್ದಂಡೆಯದು. ಅಲ್ಲಿಯ ಕಡಲಂಚಿನ ವೈನು ನಮ್ಮ ಕಡಲಂಚಿಗೆ ಒಗ್ಗಲಿಲ್ಲ, ಒಳನಾಡಿನದು ಒಗ್ಗಿತು.

ಘೀ ರೋಸ್ಟಿನ ಕಥೆ ಬೇರೆ. ಕುಂದಾಪುರದಿಂದ ಹೊರಟು ದೇಶವಿಡೀ ಹರಡಿದ ಈ ಅಡುಗೆ ಕೋಳಿಯಲ್ಲಿ ಹೆಸರಾದರೂ ಸಿಗಡಿಯಲ್ಲಿ ಹೆಚ್ಚು ಚೆನ್ನ ಎಂಬ ನನ್ನ ಅಭಿಪ್ರಾಯಕ್ಕೆ ಮನೆಯಲ್ಲಿ ಬೆಂಬಲವಿಲ್ಲ. ಬ್ಯಾಡಗಿಯ ಬಣ್ಣ ಹೆದರಿಸುವಷ್ಟು ಅದರ ಖಾರ ಹೆದರಿಸುವುದಿಲ್ಲ. ಆದರೆ ತುಪ್ಪ ಬಾಯಿಯ ಒಳಗೋಡೆಗೆಲ್ಲ ಹತ್ತಿಕೊಂಡು ಆ ಖಾರವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಶೆನಿನ್ ಬ್ಲಾಂ ಇಲ್ಲಿ ತಕ್ಕಮಟ್ಟಿಗೆ ನಿಭಾಯಿಸಿತಾದರೂ ಹುರಿದ ಮಸಾಲೆಯ ಗಾಢತೆಗೆ ಅದರ ಮೈ ಸಾಲಲಿಲ್ಲ. ಗ್ರೋವರ್ ಜಂಪಾದ ಶಿರಾಜ್ ರೋಸೆ ಇಲ್ಲಿ ಗೆದ್ದಿತು. ಕೆಂಪು ದ್ರಾಕ್ಷಿಯ ಸಿಪ್ಪೆಯನ್ನು ಸ್ವಲ್ಪ ಹೊತ್ತು ಮಾತ್ರ ರಸದಲ್ಲಿ ಬಿಟ್ಟು ತೆಗೆಯುವುದರಿಂದ ರೋಸೆಗೆ ಕೆಂಪು ಹಣ್ಣಿನ ರುಚಿ ದಕ್ಕುತ್ತದೆ, ಒಗರು ಅಷ್ಟಾಗಿ ಇಳಿಯುವುದಿಲ್ಲ. ಘೀ ರೋಸ್ಟಿನಲ್ಲಿರುವ ಚೂರು ಬೆಲ್ಲಕ್ಕೂ ಹುರಿದ ಮೆಣಸಿನ ಹೊಗೆವಾಸನೆಗೂ ಅದರ ಸ್ಟ್ರಾಬೆರಿಯಂಥ ಪರಿಮಳ ಸರಿಯಾಗಿ ಕೂಡಿಬಂತು. ಏಡಿ ಗಸಿಗೂ ಅದನ್ನೇ ಮುಂದುವರಿಸಿದೆವು. ತೆಂಗಿನಹಾಲು ಖಾರವನ್ನು ಆಗಲೇ ಅರ್ಧ ತಣಿಸಿರುವುದರಿಂದ ಗಸಿಗೆ ಸಿಹಿಯ ಅಗತ್ಯ ಕಡಿಮೆ. ಅಲ್ಲಿ ಸೊವಿನ್ಯೋನ್ ಕೂಡ ತಪ್ಪೇನೂ ಆಗುತ್ತಿರಲಿಲ್ಲ. ಏಡಿಯನ್ನು ತಿನ್ನುವಾಗ ಎರಡು ಕೈಯೂ ಮೊಣಕೈತನಕ ಮಸಾಲೆಯಾಗಿರುವುದರಿಂದ ಕಾಲುದ್ದದ ಬಳುಕುವ ಗಾಜಿನ ಲೋಟಕ್ಕಿಂತ ಗಟ್ಟಿಮುಟ್ಟಾದ ಚಿಕ್ಕ ಲೋಟವೇ ಲೇಸು ಎಂಬುದನ್ನೂ ಒಂದು ಲೋಟ ಒಡೆದ ಮೇಲೆ ಕಲಿತೆವು.

ರವಾ ಫ್ರೈಗೆ ಶಾಂಡನ್ ಬ್ರೂಟ್, ಮತ್ತು ಇದರಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. 2013ರಲ್ಲಿ ಮಾರುಕಟ್ಟೆಗೆ ಬಂದ ಈ ನೊರೆವೈನಿನಲ್ಲಿ ಶೆನಿನ್ ಬ್ಲಾಂ, ಶಾರ್ಡನೇ, ಪಿನೋ ನ್ವಾರ್ ದ್ರಾಕ್ಷಿಗಳು ಸೇರಿವೆ. ಎರಡನೆಯ ಹುದುಗು ಬಾಟಲಿಯೊಳಗೇ ನಡೆಯುತ್ತದೆ. ಗುಳ್ಳೆಗಳು ಎಣ್ಣೆಯನ್ನು ಬಾಯಿಂದ ಉಜ್ಜಿ ತೆಗೆಯುತ್ತವೆ, ರವೆಯ ಗರಿಗರಿಗೆ ಗುಳ್ಳೆಯ ಗರಿಗರಿ ಜೊತೆಯಾಗುತ್ತದೆ. ಒಂದೇ ಎಚ್ಚರಿಕೆ: ಅದೇ ಲೋಟವನ್ನು ಘೀ ರೋಸ್ಟಿನ ಜೊತೆ ಕುಡಿದರೆ ಗುಳ್ಳೆಗಳು ಉರಿಯುವ ನಾಲಗೆಯನ್ನು ಚುಚ್ಚತೊಡಗುತ್ತವೆ.

ಇನ್ನು ಕೆಂಪು ಶಿರಾಜ್. ಸುಕ್ಕದ ತುತ್ತಿನ ಮೇಲೆ ಅದನ್ನು ಕುಡಿದವರೆಲ್ಲರ ಮುಖವೂ ಒಮ್ಮೆಗೇ ಹುಳ್ಳಗಾಯಿತು. ತುಕ್ಕುಹಿಡಿದ ಮೊಳೆಯನ್ನು ನೆಕ್ಕಿದಂತೆ, ಅದರ ಹಿಂದೆಯೇ ಹಳಸಿದ ಮೀನಿನ ವಾಸನೆ. ಚಿಪ್ಪು ಕೆಟ್ಟಿರಲಿಲ್ಲ, ವೈನೂ ಕೆಟ್ಟಿರಲಿಲ್ಲ. ಇದನ್ನು ಬಹುಕಾಲ ಒಗರಿನ ದೋಷವೆಂದೇ ಭಾವಿಸಲಾಗಿತ್ತು. 2009ರಲ್ಲಿ ಜಪಾನಿನ ವೈನ್ ಕಂಪನಿ ಮರ್ಸಿಯನ್‌ನ ಸಂಶೋಧಕರು ಹಲವಾರು ವೈನುಗಳನ್ನು ಒಣಗಿಸಿದ ಸ್ಕಾಲಪ್ ಚಿಪ್ಪಿನ ಮಾಂಸದ ಜೊತೆ ಪರೀಕ್ಷಿಸಿ, ಈ ಮೀನುನಾತಕ್ಕೆ ಮುಖ್ಯ ಕಾರಣ ವೈನಿನಲ್ಲಿ ಕರಗಿರುವ ಕಬ್ಬಿಣವೆಂದು ತೋರಿಸಿದರು. ಲೀಟರಿಗೆ ಸುಮಾರು 2 ಮಿಲಿಗ್ರಾಮ್ ದಾಟಿದಾಗ ಆ ವಾಸನೆ ಎದ್ದು ಕಾಣುತ್ತಿತ್ತು, ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕವನ್ನು ವೈನಿಗೆ ಸೇರಿಸಿದಾಗ ಇಳಿಯುತ್ತಿತ್ತು. ಕೆಂಪು ವೈನುಗಳಲ್ಲಿ ಕಬ್ಬಿಣ ಹೆಚ್ಚಿರುವುದು ಸಾಮಾನ್ಯ. ಆದರೆ ಕೆಲವು ಕೆಂಪು ವೈನುಗಳಲ್ಲಿ ಕಡಿಮೆಯೂ ಇರುತ್ತದೆ. ಚಿಪ್ಪಿನ ಜೊತೆ ಕೆಂಪು ವೈನನ್ನು ಕುಡಿದು ಏನೂ ತೊಂದರೆಯಾಗಲಿಲ್ಲ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಬ್ಬಿಣದ ಪ್ರಮಾಣವನ್ನು ಬಾಟಲಿಯ ಮೇಲೆ ಯಾರೂ ಅಚ್ಚುಹಾಕುವುದಿಲ್ಲವಾದ್ದರಿಂದ, ಕೊಳ್ಳುವವರ ಪಾಲಿಗೆ ಅದು ಜೂಜು. ಏಡಿ ಗಸಿಯ ಜೊತೆ ಅದೇ ಶಿರಾಜ್ ಅಷ್ಟು ಕೆಟ್ಟದೆನಿಸಲಿಲ್ಲ, ಆದರೆ ಕುಡಿಯಬೇಕೆನ್ನುವ ಕಾರಣವೂ ಕಾಣಲಿಲ್ಲ.

ಕೊಳ್ಳುವಾಗಿನ ಒಂದು ಪೆಟ್ಟನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ಈ ಆರಕ್ಕಿಂತ ಮೊದಲು ಬೇರೊಂದು ಬಾಟಲಿಯನ್ನು ಕೊಂಡಿದ್ದೆ; ಅಂಗಡಿಯ ಹೆಸರು ಬೇಡ. ಗಾಜಿನ ಮುಂಬದಿಗೆ, ಮಧ್ಯಾಹ್ನದ ಬಿಸಿಲು ನೇರ ಬೀಳುವಲ್ಲಿ ಅದನ್ನು ಅಲಂಕಾರಕ್ಕೆಂದು ನಿಲ್ಲಿಸಿದ್ದರು. ಮನೆಗೆ ತಂದು ತೆರೆದರೆ ಬಣ್ಣ ಹುಲ್ಲಿನ ಹಳದಿಯಿಂದ ಜೇನಿನ ಕಂದಿಗೆ ತಿರುಗಿತ್ತು, ವಾಸನೆ ಬೇಯಿಸಿದ ಸೇಬಿನದಾಗಿತ್ತು. ಚಿಪ್ಪಿಗೆ ಹೊಂದುವ ಬಿಳಿ ವೈನುಗಳಲ್ಲಿ ಹೆಚ್ಚಿನವು ಎಳೆಯದಾಗಿರುವಾಗಲೇ ಕುಡಿಯತಕ್ಕವು. ಅವುಗಳ ಬಂಡವಾಳವೆಲ್ಲ ಹುಳಿ ಮತ್ತು ಹಸಿ ಪರಿಮಳದಲ್ಲಿರುವುದರಿಂದ ಶಾಖ, ಬೆಳಕು, ವಯಸ್ಸು ಮೂರೂ ಅವಕ್ಕೆ ಹಾನಿ. ಚೀಟಿಯ ಮೇಲಿನ ಕೊಯ್ಲಿನ ವರ್ಷ ಎರಡು ವರ್ಷಕ್ಕಿಂತ ಹಿಂದಿನದಾಗಿದ್ದರೆ ನಾನು ಕೆಳಗಿಡುತ್ತೇನೆ. ಮುಂಭಾಗದ ಬಾಟಲಿಯನ್ನು ಬಿಟ್ಟು ಒಳಗಿನ ಪೆಟ್ಟಿಗೆಯಿಂದ ಕೊಡಿ ಎಂದು ಕೇಳುವುದಕ್ಕೆ ಸಂಕೋಚ ಪಡುವುದನ್ನೂ ಬಿಟ್ಟಿದ್ದೇನೆ.

ತಣಿಸುವ ವಿಷಯದಲ್ಲಿ ಬೆಂಗಳೂರಿನ ಅಳತೆ ಕರಾವಳಿಗೆ ನಡೆಯುವುದಿಲ್ಲ. ಬಿಳಿ ವೈನು 8ರಿಂದ 10 ಡಿಗ್ರಿಯಲ್ಲಿರಬೇಕೆನ್ನುತ್ತಾರೆ. ಏಪ್ರಿಲ್‌ನ ಉಡುಪಿಯಲ್ಲಿ ಫ್ರಿಜ್ಜಿನಿಂದ ತೆಗೆದ ಬಾಟಲಿ ಊಟಕ್ಕೆ ಬಾಳೆಎಲೆ ಹಾಕುವಷ್ಟರಲ್ಲಿ ಬೆವರಿ, ಪುಂಡಿ ಬಡಿಸುವಷ್ಟರಲ್ಲಿ ಬೆಚ್ಚಗಾಗಿರುತ್ತದೆ. ಬಕೆಟ್ಟಿನಲ್ಲಿ ಬರಿಯ ಮಂಜುಗಡ್ಡೆ ತುಂಬಿ ಬಾಟಲಿಯನ್ನು ಸಿಕ್ಕಿಸುವುದಕ್ಕಿಂತ, ಅರ್ಧ ನೀರು, ಅರ್ಧ ಮಂಜುಗಡ್ಡೆ, ಒಂದು ಹಿಡಿ ಕಲ್ಲುಪ್ಪು ಹಾಕಿ ಕುತ್ತಿಗೆಯತನಕ ಮುಳುಗಿಸಿಟ್ಟರೆ ಬಹುಬೇಗ ತಣಿಯುತ್ತದೆ, ಊಟವಿಡೀ ಹಾಗೇ ಉಳಿಯುತ್ತದೆ. ಶೆನಿನ್‌ನಂಥ ತುಸು ಸಿಹಿಯ ವೈನು ಬೆಚ್ಚಗಾದರೆ ಪಾನಕವಾಗುತ್ತದೆ. ಆದ್ದರಿಂದ ಆರರಲ್ಲಿ ಒಂದಕ್ಕೇ ಮಂಜುಗಡ್ಡೆ ಸಾಲುವುದಾದರೆ ಅದಕ್ಕೆ ಮೀಸಲಿಡಬೇಕು.

ಎರಡನೆಯ ಸಂಜೆಯ ಕೊನೆಗೆ ಶೆನಿನ್ ಮತ್ತು ರೋಸೆ ಬಾಟಲಿಗಳು ಬರಿದಾಗಿದ್ದವು, ಶಾಂಡನ್ನಿನದನ್ನು ಮುಚ್ಚಿಡುವ ಪ್ರಶ್ನೆಯೇ ಬರಲಿಲ್ಲ, ಸೊವಿನ್ಯೋನ್ ಒಂದು ಲೋಟದಷ್ಟು ಉಳಿದಿತ್ತು. ಮರುದಿನ ಬೆಳಗ್ಗೆ ಬಂದ ಮರ್ವಾಯಿಯನ್ನು ಬಾಯಿಬಿಡಿಸುವಾಗ ಅಕ್ಕ ನೀರಿನ ಬದಲು ಅದನ್ನೇ ಪಾತ್ರೆಗೆ ಸುರಿದು, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ ಮುಚ್ಚಿದಳು. ಐದು ನಿಮಿಷಕ್ಕೆ ಚಿಪ್ಪುಗಳು ತೆರೆದುಕೊಂಡವು. ಅಂದು ಕಾಯಿ ಅರೆಯಲಿಲ್ಲ. ಆ ರಸಕ್ಕೆ ನೀರುದೋಸೆ ಅದ್ದಿಕೊಂಡು ತಿಂದೆವು.